ತಂಗೆವ್ವನ ಮನೆಗೆ ಬಂದ ಮತಪೆಟ್ಟಿಗೆ

ಅನಗವಾಡಿಯ ನಮ್ಮ ಓಣಿಯ ತಂಗೆವ್ವನಿಗೆ ಎಂಬತ್ತೇಳು. ಕಣ್ಣಿಗೆ ಪೊರೆ ಬಂದ ಮೇಲೆ ಮೂರು ಚುನಾವಣೆಗಳಲ್ಲಿ ಅವಳ ಓಟಿನ ಗುಂಡಿಯನ್ನು ಮಗ ಗಿರಿಮಲ್ಲಪ್ಪನೇ ಒತ್ತಿದ್ದ. ಹೋದ ವರ್ಷ ಆಪರೇಷನ್ ಆಗಿ ಕಣ್ಣು ಬಂತು. ದೀಪಾವಳಿ ಹೊತ್ತಿಗೆ ಜಾರಿ ಬಿದ್ದು, ಸೊಂಟ ಮುರಿದು ಹೊರಸು ಹಿಡಿದಳು. "ಸಾಯೂದ್ರಾಗ ಒಂದ್ಸಲ ನನ್ನ ಓಟು ನಾನ ಹಾಕಬೇಕ ಬೇ," ಎಂದು ನನ್ನ ಮುಂದೆ ಎಷ್ಟು ಸಲ ಅಂದಳೋ.

ಲೋಕಸಭೆ ಚುನಾವಣೆ ಬಂತು. ಎಂಬತ್ತೈದು ದಾಟಿದವರು ಅರ್ಜಿ ತುಂಬಿದರೆ ಮನೆಯಲ್ಲೇ ಅಂಚೆ ಮತ ಹಾಕಬಹುದು, ಆಮೇಲೆ ಮತಗಟ್ಟೆಗೆ ಹೋಗುವಂತಿಲ್ಲ ಎಂದು ಅಂಗನವಾಡಿಯ ಸಂಧ್ಯಾ ಬಂದು ಹೇಳಿದಳು. ತಂಗೆವ್ವ ಕೂಡಲೇ ಹೆಬ್ಬೆಟ್ಟು ಒತ್ತಿದಳು.

ಅಂಚೆ ಮತ ಅಂದರೆ ಪೋಸ್ಟ್‌ಮನ್ ಬರುತ್ತಾನೆ ಅಂದುಕೊಂಡಿದ್ದೆ. ಬಂದದ್ದು ಜೀಪು! ಇಬ್ಬರು ಅಧಿಕಾರಿಗಳು, ಪೊಲೀಸ್, ಕ್ಯಾಮೆರಾದವನು, ಬೀಗ ಹಾಕಿದ ಪೆಟ್ಟಿಗೆ. ಹೊರಸಿನ ಮುಂದೆ ರಟ್ಟಿನ ಮರೆ ನಿಲ್ಲಿಸಿ, ಮಗನನ್ನೂ ನನ್ನನ್ನೂ ಹೊರಗಿನ ಕಟ್ಟೆಗೆ ಕಳಿಸಿದರು. ಒಳಗೇನು ನಡೆಯುತ್ತದೋ ಎಂದು ನಾನು ಕಿವಿಗೊಟ್ಟು ಕುಳಿತೆ.

"ಗಿರಿಮಲ್ಲ, ವಿಭೂತಿ ಗಟ್ಟಿ ತಾರೋ!" ತಂಗೆವ್ವ ಕೂಗಿದಳು.

"ಯಾಕ್ರಿ ಅಜ್ಜಿ?" ಅಧಿಕಾರಿಣಿ ಕೇಳಿದಳು.

"ಹೊಸಾ ಕಾಗದ ಐತೆವ್ವ. ಮೂರು ಬಟ್ಟು ಎಳದು ಶುರು ಮಾಡೂದು."

ನಮ್ಮಲ್ಲಿ ಹೊಲದ ಪತ್ರವಿರಲಿ, ಲಗ್ನದ ಯಾದಿಯಿರಲಿ, ವಿಭೂತಿ ಬೀಳದೆ ಪೆನ್ನು ತಾಗುವುದಿಲ್ಲ. ಅಧಿಕಾರಿಣಿಗೆ ಗಾಬರಿ.

"ಬ್ಯಾಡ್ರಿ! ಇದು ಯಾರ ಓಟು ಅಂತ ಗುರುತು ಹತ್ತೂವಂಥಾದ್ದು ಏನರೆ ಇದ್ರ ಎಣಿಸೂವಾಗ ತಗದು ಒಗೀತಾರ. ಹಣಿಗಿ ಹಚ್ಕೊಂಡು ಕೈ ತೊಳಕೊಳ್ರಿ."

"ದೇವರ ಗುರುತೂ ನಡಿಯಂಗಿಲ್ಲೇನು?"

"ಯಾರದೂ ನಡಿಯಂಗಿಲ್ರಿ. ನಿಮ್ಮ ಪೆನ್ನಿನ ಗೀಟೊಂದ."

ಗಿರಿಮಲ್ಲಪ್ಪ ವಿಭೂತಿ, ನೀರು ಕೊಟ್ಟು ಹೊರಗೆ ಬಂದ. ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ. "ನಿದ್ದಿ ಹತ್ತಿತೇನು ನಮ್ಮವ್ವಗ?" ಎಂದು ಅವನು ಕುಟುಕಿದ. ಮತಗಟ್ಟೆಯಲ್ಲಾಗಿದ್ದರೆ ಹಿಂದೆ ನಿಂತವರು ಲಗೂ ಲಗೂ ಎಂದು ಜೀವ ತಿನ್ನುತ್ತಿದ್ದರು. ಇಲ್ಲಿ ಯಾರೂ ಅವಸರ ಮಾಡಲಿಲ್ಲ. ತಂಗೆವ್ವ ಮತಪತ್ರದ ಒಂದೊಂದೇ ಚಿತ್ರವನ್ನು ಮೇಲಿಂದ ಕೆಳಗೆ ಎರಡೆರಡು ಸಲ ನೋಡಿದಳಂತೆ.

ಕಡೆಗೆ ಲಕೋಟೆ ಪೆಟ್ಟಿಗೆಯೊಳಗೆ ಬಿತ್ತು. ಜೀಪು ಹೋಯಿತು. ಕೇಳಬೇಕೆಂದು ನನ್ನ ನಾಲಿಗೆಯೂ ತುರಿಸುತ್ತಿತ್ತು, ಗಿರಿಮಲ್ಲಪ್ಪನೇ ಮೊದಲು ಕೇಳಿದ: "ಯಾರಿಗಿ ಹಾಕಿದಿ ಯವ್ವಾ?"

"ಮೂರು ಸಲ ನೀ ಒತ್ತಿದಿ. ನಾ ಕೇಳಿದ್ನೇನ್ಲೇ?"