ಬಿಸಿನೀರಿನ ಚೀಲ

ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಿದ್ದ ಅಕ್ಕನಿಗೆ ಹೊಟ್ಟೆಕಿಚ್ಚು ಇದ್ದದ್ದು ತಂಗಿಯ ಹೊಟ್ಟೆನೋವಿನ ಮೇಲೆ. ನಗಬೇಡಿ, ನಿಜ. ತಿಂಗಳು ತಿಂಗಳು ತಂಗಿ ಮುದುಡಿ ಮಲಗಿದರೆ ಅಮ್ಮ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಅವಳ ಹೊಟ್ಟೆಯ ಮೇಲಿಟ್ಟು ತಲೆ ಸವರುತ್ತಿದ್ದಳು. ಅಕ್ಕನಿಗೆ ಮುಟ್ಟು ನಿಂತು ಎಷ್ಟೋ ತಿಂಗಳಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗಲ್ಲದ ಕೂದಲನ್ನು ಮಾತ್ರ ಮುಚ್ಚಿಡಲಾಗುತ್ತಿರಲಿಲ್ಲ. ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ರೇಜರ್ ಆಡಿಸಿದರೆ ಸಂಜೆಗೆ ಮತ್ತೆ ಹಾಜರ್. ಅವಳ ಕೆಲಸವೋ, ಗಿರಾಕಿಯ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ, ಎದುರಿಗೆ ಬಗ್ಗಿ ಕಿವಿಯ ಹಿಂದೆ ಕಡ್ಡಿ ಸರಿಮಾಡುವುದು. ಅಲ್ಲಿಯವರೆಗೆ ಮಂಜುಮಂಜಾಗಿ ಕಾಣುತ್ತಿದ್ದವರಿಗೆ ಮೊದಲು ನಿಚ್ಚಳವಾಗಿ ಕಾಣುತ್ತಿದ್ದದ್ದೇ ಅವಳ ಗಲ್ಲ. ಮನೆಗೆ ಬಂದರೆ ತಂಗಿಯ ನುಣುಪು ಮುಖ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಈ ಪಂಕ್ತಿಭೇದ ಯಾಕೆ ಎಂದು ಹಲ್ಲು ಕಡಿಯುತ್ತಿದ್ದಳು.

ಒಂದು ದಿನ ಅವಳೂ ಹೊಟ್ಟೆನೋವೆಂದು ಮುದುಡಿ ಮಲಗಿದಳು. ಚೀಲ ಬಂತು, ತಲೆ ಸವರುವ ಕೈಯೂ ಬಂತು. ಅಲ್ಲಿಂದ ಮುಂದೆ ತಂಗಿಗೆ ನೋವು ಬಂದಾಗಲೆಲ್ಲ ಅಕ್ಕನಿಗೂ ಬರತೊಡಗಿತು. ಮನೆಯಲ್ಲಿದ್ದದ್ದು ಒಂದೇ ಚೀಲ. ಅಮ್ಮ ಅದನ್ನು ತಂಗಿಯಿಂದ ತೆಗೆದು ತನಗೆ ಕೊಡುವಾಗ, ನೀರಿಗಿಂತ ಆ ತೆಗೆಯುವುದೇ ಅವಳಿಗೆ ಹಿತವಾಗುತ್ತಿತ್ತು.

ಕೊನೆಗೆ ಗಲ್ಲದ ಸಲುವಾಗಿ ಅಮ್ಮನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಅವರು ಕೇಳಿದ್ದೇ ತಡ, ಅಮ್ಮ ಮುಂದಾದಳು.

"ಅದರಲ್ಲಿ ಏನೂ ತೊಂದ್ರೆ ಇಲ್ಲ ಡಾಕ್ಟ್ರೇ. ತಿಂಗಳು ತಿಂಗಳು ನಾನೇ ಬಿಸಿನೀರು ಕೊಡ್ತೀನಲ್ಲ."

ಹಾಗಾದರೆ ಇದು ಮೈಗುಣವಿರಬಹುದು, ಕೂದಲು ತೆಗೆಸಿಕೊಂಡರಾಯಿತು ಎಂದು ಡಾಕ್ಟರಮ್ಮ ಪೆನ್ನು ಮುಚ್ಚಿದರು. ಈಗ ಬಾಯಿ ಬಿಡದಿದ್ದರೆ ಗಲ್ಲ ಹೀಗೇ ಉಳಿಯುತ್ತದೆ, ಬಿಟ್ಟರೆ ಮರ್ಯಾದೆ ಹೋಗುತ್ತದೆ.

"ಸುಳ್ಳು," ಎಂದಳು ಅಕ್ಕ, ನೆಲ ನೋಡುತ್ತ. "ನಂಗೆ ಮುಟ್ಟೇ ಆಗ್ತಿಲ್ಲ. ಅವಳಿಗೆ ಮಾತ್ರ ಆರೈಕೆ ಮಾಡ್ತಿದ್ಯಲ್ಲ ಅಮ್ಮ, ಅದಕ್ಕೆ ಹೊಟ್ಟೆನೋವು ಅಂತ ಹೇಳಿದೆ."

ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರಮ್ಮ ತಿಳಿಸಿ ಹೇಳಿದರು: ಗಂಡಸರ ಹಾರ್ಮೋನು ಎನ್ನುವುದು ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ, ಇವಳಲ್ಲಿ ಅದು ಹೆಚ್ಚಾಗಿದೆ. ಗಲ್ಲದ ಕೂದಲಿಗೂ ನಿಂತ ಮುಟ್ಟಿಗೂ ಅದೇ ಕಾರಣ. ಮಾತ್ರೆ ಶುರುವಾಯಿತು.

ಒಂದು ಮಧ್ಯಾಹ್ನ ನಿಜವಾದ ನೋವೇ ಬಂತು. ಯಾವ ಮುಖ ಇಟ್ಟುಕೊಂಡು ಅಮ್ಮನನ್ನು ಕರೆಯುವುದು? ತುಟಿ ಕಚ್ಚಿ ಗೋಡೆಯ ಕಡೆ ತಿರುಗಿದಳು. ಪಕ್ಕದ ಮಂಚದಲ್ಲಿ ಅದೇ ನೋವಿನಲ್ಲಿ ಮಲಗಿದ್ದ ತಂಗಿ ತನ್ನ ಹೊಟ್ಟೆಯ ಮೇಲಿನ ಚೀಲ ತೆಗೆದು ಅಕ್ಕನ ಕೈಗಿಟ್ಟಳು.

"ತಗೋ. ಈ ಸಲ ನಿಜವಾಗ್ಲೂ ನೋಯ್ತಿದೆ ನಿಂಗೆ."

"ಮುಂಚೆ ಸುಳ್ಳು ಅಂತ ಗೊತ್ತಿತ್ತಾ?"

"ಒಂದೇ ರೂಮಲ್ಲಿ ಮಲಗ್ತೀವಿ. ಗೊತ್ತಾಗಲ್ವಾ?"

"ಮತ್ಯಾಕೆ ಚೀಲ ಬಿಟ್ಟುಕೊಡ್ತಿದ್ದೆ?"

"ನಿಂಗೆ ಬೇಕಿತ್ತಲ್ಲ."

ತಂಗಿಯ ಆ ಒಳ್ಳೆಯತನದ ಮೇಲೂ ಅಕ್ಕನಿಗೆ ಹೊಟ್ಟೆಕಿಚ್ಚಾಯಿತು. ಚೀಲವನ್ನು ಮಾತ್ರ ವಾಪಸ್ ಕೊಡಲಿಲ್ಲ.