ಕೈತೊಳೆಸುವ ಅಕ್ಕ

ನಮ್ಮ ಮನೆಗೆ ಬರುವ ನರ್ಸಮ್ಮನಿಗೆ ನಾನಿಟ್ಟ ಹೆಸರು ಕೈತೊಳೆಸುವ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಗದರುವುದರಲ್ಲಿ ನಮ್ಮಮ್ಮನಿಗಿಂತ ದೊಡ್ಡವರು. ಬಾಗಿಲಲ್ಲೇ ನಿಂತು "ಕೈ ತೊಳ್ಕೊಂಡ್ರಾ?" ಅನ್ನುತ್ತಾರೆ.

ನನ್ನ ಕರುಳನ್ನು ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದಾರೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಎದೆಯ ಹತ್ತಿರ ರಕ್ತನಾಳಕ್ಕೆ ಒಂದು ಟ್ಯೂಬ್ ಇಳಿಸಿದ್ದಾರೆ. ಸಂಜೆ ಅದಕ್ಕೆ ಹಾಲುಬಣ್ಣದ ಆಹಾರದ ಚೀಲ ಜೋಡಿಸಿ ಪಂಪ್ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ನನ್ನ ಊಟ ಮುಗಿದಿರುತ್ತದೆ. ಪಾತ್ರೆ ತೊಳೆಯುವ ಕಾಟವಂತೂ ಇಲ್ಲ. ಇದಕ್ಕಾಗಿ ನಾನು ಆಸ್ಪತ್ರೆಯಲ್ಲೇ ಬಿದ್ದಿರಬೇಕಿತ್ತು. ಗಡಿಯಾರ ರಿಪೇರಿ ಮಾಡುವ ನಮ್ಮ ಯಜಮಾನರಿಗೆ ಮೂರು ವಾರ ಕಲಿಸಿ, ಅಕ್ಕ ನನ್ನನ್ನು ಮನೆಗೆ ಕಳಿಸಿದರು. "ಇಂಥ ಕೈ ನೋಡೇ ಇಲ್ಲ, ಒಂಚೂರೂ ನಡುಗಲ್ಲ" ಎಂದು ಹೊಗಳಿದ್ದರು ಕೂಡ.

ಚೀಲ ಜೋಡಿಸಿದ ಒಂದು ಗಂಟೆಗೆ ಅಕ್ಕನ ಫೋನು. ದಿನವೂ ಒಂದೇ ಪ್ರಶ್ನೆ, ಚಳಿ ಬಂತಾ ಎಂದು. "ಬಂದ್ರೆ ಕಾಗದ ಬರೀತೀನಿ" ಎಂದು ರೇಗಿಸುತ್ತಿದ್ದೆ. ಎರಡನೇ ತಿಂಗಳು ಒಂದು ಸಂಜೆ ರೇಗಿಸಲು ಆಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಅಕ್ಕನಿಗೆ ಆ ಸದ್ದೇ ಸಾಕಾಯಿತು.

"ಅಣ್ಣನ ಕೈಗೆ ಫೋನ್ ಕೊಡಿ. ಅಣ್ಣಾ, ಪಂಪ್ ನಿಲ್ಲಿಸಿ, ಟ್ಯೂಬಿಗೆ ಕ್ಲಿಪ್ ಹಾಕಿ, ಈಗ್ಲೇ ಹೊರಡಿ. ನಾನು ಆಸ್ಪತ್ರೆ ಬಾಗಿಲಲ್ಲಿರ್ತೀನಿ."

ಇದ್ದರು. ಟ್ಯೂಬಿನ ಮೂಲಕ ಸೋಂಕು ರಕ್ತಕ್ಕೆ ಸೇರಿತ್ತು. ಎರಡು ವಾರ ಔಷಧಿ ಹರಿಸಿ ನನ್ನನ್ನು ಉಳಿಸಿಕೊಂಡರು. ಆಮೇಲೆ ಡಾಕ್ಟರು, "ಮನೇಲಿ ಇದೆಲ್ಲ ಬೇಡ" ಎಂದುಬಿಟ್ಟರು.

"ತಪ್ಪೆಲ್ಲಿ ಅಂತ ಒಂದ್ಸಲ ನೋಡ್ತೀನಿ ಸಾರ್" ಎಂದು ಅಕ್ಕ ಗೋಗರೆದರು. ಯಜಮಾನರ ಕೈಗೆ ಅಭ್ಯಾಸದ ಟ್ಯೂಬ್ ಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಇವರು ಕೈ ತೊಳೆದರು. ಟ್ಯೂಬಿನ ಬಾಯನ್ನು ಸ್ಪಿರಿಟ್‌ನಿಂದ ಒರೆಸಿದರು. ಆಮೇಲೆ ಬಗ್ಗಿ, ಬೇಗ ಒಣಗಲೆಂದು, ಉಫ್ ಎಂದು ಊದಿದರು. ಮೂವತ್ತು ವರ್ಷ ಗಡಿಯಾರದ ಧೂಳು ಊದಿದ ಚಾಳಿ. ಊದಿದ್ದು ಇವರಿಗೇ ತಿಳಿದಿರಲಿಲ್ಲ.

ಅಕ್ಕ ಹೇಳಿದಾಗ ಟ್ಯೂಬನ್ನು ಕೆಳಗಿಟ್ಟುಬಿಟ್ಟರು. "ನನ್ನ ಉಸಿರೇ ಇವಳನ್ನ ತಿಂದುಬಿಡ್ತಿತ್ತಲ್ಲ. ಇನ್ನು ನಾನು ಮುಟ್ಟಲ್ಲ."

ನನಗೆ ಎಲ್ಲಿಲ್ಲದ ಕೋಪ ಬಂತು. ಊದಿದ್ದಕ್ಕಲ್ಲ, ಮುಟ್ಟಲ್ಲ ಎಂದಿದ್ದಕ್ಕೆ. ಇವರು ಮುಟ್ಟದಿದ್ದರೆ ನನಗೆ ಕೊನೆತನಕ ಆ ವಾರ್ಡೇ ಗತಿ.

ಅಕ್ಕ ಕಲಿಸುವಾಗ ಕೊಡುವ ಹಾಳೆ ತೆಗೆದರು. "ಮುಟ್ಟಬೇಡಿ, ಕೆಮ್ಮಬೇಡಿ ಅಂತೆಲ್ಲ ಬರ್ದಿದೀನಿ. ಊದಬೇಡಿ ಅಂತ ಬರ್ದಿಲ್ಲ. ತಪ್ಪು ನಂದೂ ಇದೆ ಅಣ್ಣ." ಅಲ್ಲೇ ಪೆನ್ನಿನಲ್ಲಿ ಬರೆದರು. "ಒರೆಸಿದ್ಮೇಲೆ ಮುಖ ಆಚೆ ತಿರುಗಿಸಿ, ಇಪ್ಪತ್ತರ ತನಕ ಎಣಿಸಿ. ಅದೇ ಒಣಗುತ್ತೆ." ಈಗ ಎಲ್ಲರ ಹಾಳೆಯಲ್ಲೂ ಆ ಸಾಲು ಅಚ್ಚಾಗಿದೆ. ಡಾಕ್ಟರನ್ನು ಒಪ್ಪಿಸಿದವರೂ ಅವರೇ. ಇಂಥವರ ಋಣ ತೀರಿಸುತ್ತೇನೆ ಎಂದರೆ ಅದು ಬರೀ ಬಾಯಿಮಾತು.

ಮನೆಗೆ ಮರಳಿದ ಮೊದಲ ಸಂಜೆ ರಜೆಯಿದ್ದರೂ ಬಂದರು, ಕೈಕಟ್ಟಿ ಕುರ್ಚಿಯಲ್ಲಿ ಕೂತರು. ಯಜಮಾನರು ಒರೆಸಿ, ಗೋಡೆ ಕಡೆ ಮುಖ ತಿರುಗಿಸಿ ಎಣಿಸತೊಡಗಿದರು. ಹನ್ನೆರಡಕ್ಕೆ ಎಣಿಕೆ ತಪ್ಪಿತು. "ಹದಿಮೂರು" ಎಂದರು ಅಕ್ಕ, ಮೆಲ್ಲಗೆ. ಇವರು ಹದಿನಾಲ್ಕು ಎಂದರು. ಇಪ್ಪತ್ತಾದ ಮೇಲೆ ತಿರುಗಿ, ನಡುಗದ ಕೈಯಿಂದ ಚೀಲ ಜೋಡಿಸಿದರು.

ಅವತ್ತು ನಾನು ನನ್ನ ಮನೆಯಲ್ಲಿ ಉಂಡೆ.