ಛತ್ರದವನ ಹೆಂಡತಿ

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಚರ್ಚಿನ ಅಂಗಳದಲ್ಲಿ ಹುಲ್ಲು ಹಾಸಿ ಕ್ರಿಸ್‌ಮಸ್ಸಿನ ಗೊಂಬೆ ಕೊಟ್ಟಿಗೆ, ಗೋದಲಿ, ಕಟ್ಟುತ್ತಾರೆ. ನಿನ್ನೆ ಸಂಜೆ ತರಕಾರಿ ಚೀಲ ಹಿಡಿದುಕೊಂಡೇ ಅದರ ಮುಂದೆ ನಿಂತೆ. ಕುರುಬರು, ಉಡುಗೊರೆ ತಂದ ಪಂಡಿತರು, ಹಸು, ಕತ್ತೆ ಎಲ್ಲ ಇದ್ದವು. ಹೆಂಗಸೆಂದರೆ ಮೇರಿ ಒಬ್ಬಳೇ. ವಿಭೂತಿ ಹಚ್ಚುವ ಮನೆಯವಳಿಗೆ ಇದೆಲ್ಲ ಯಾಕೆ ಎನ್ನಬೇಡಿ. ಒಂದು ಕಾಲಕ್ಕೆ ನಾನೂ ಬೆತ್ಲೆಹೇಮಿನಲ್ಲಿ ಸೂಲಗಿತ್ತಿಯಾಗಬೇಕಿದ್ದವಳು.

ತೊಂಬತ್ತರ ದಶಕ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್. ಪಕ್ಕದ ಮನೆಯ ತೆರೇಸಮ್ಮ ಪ್ರತಿ ವರ್ಷ ಕ್ರಿಸ್‌ಮಸ್ ನಾಟಕ ಬರೆದು ಆಡಿಸುತ್ತಿದ್ದರು. ಲೈನಿನ ಹುಡುಗಿಯರಿಗೆಲ್ಲ ಪಾರ್ಟು. ನನಗೆ ಮಾತ್ರ ವರ್ಷ ವರ್ಷವೂ ಕುರಿ. ನಾನು ಪಿಯುಸಿಗೆ ಬಂದ ವರ್ಷ ಅವರು ಹೊಸ ದೃಶ್ಯವೊಂದನ್ನು ಬರೆದರು. ಮೇರಿಗೆ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ ಛತ್ರದವನ ಹೆಂಡತಿ ಬಿಸಿನೀರು ತಂದು ಹೆರಿಗೆ ಮಾಡಿಸುತ್ತಾಳೆ, ಬಾಣಂತಿ ಮೇರಿಯ ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟುತ್ತಾಳೆ, ಓಮದ ಹೊಗೆ ಹಾಕುತ್ತಾಳೆ. ಆ ಹೆಂಡತಿ ನಾನು.

ಚರ್ಚಿನ ಹಿರಿಯರಾದ ಮೇಷ್ಟ್ರೊಬ್ಬರು ಪ್ರಾಕ್ಟೀಸ್ ನೋಡಲು ಬಂದರು. ಬೈಯಲಿಲ್ಲ, ಬೈಬಲ್ ತೆರೆದರು.

“ತೆರೇಸಮ್ಮ, ಇದು ನಮ್ ಕಡೆ ಬಾಣಂತನ ಆಯ್ತು. ಇಲ್ಲಿ ನೋಡಿ, ಮಗೂನ ಬಟ್ಟೇಲಿ ಸುತ್ತಿದ್ದೂ ಮೇರೀನೇ, ಮಲಗಿಸಿದ್ದೂ ಅವಳೇ. ಬೇರೆ ಹೆಂಗಸಿನ ಸುದ್ದಿನೇ ಇಲ್ಲ.”

“ಬರೀದೆ ಬಿಟ್ಟಿರಬೌದಲ್ಲ ಮೇಷ್ಟ್ರೇ. ಹೆರಿಗೆ ಹೊತ್ತಲ್ಲಿ ಒಬ್ಬ ಹೆಂಗಸೂ ಇರ್ಲಿಲ್ಲ ಅಂದ್ರೆ ಹೆಂಗೆ?”

“ಇಲ್ಲದ್ದನ್ನ ನಾವು ಸೇರಿಸಬಾರದು.”

ತೆರೇಸಮ್ಮ ಪುಸ್ತಕ ತೆಗೆದುಕೊಂಡು ಆ ಸಾಲನ್ನು ತಾವೇ ಬೆರಳಿಟ್ಟು ಓದಿದರು. ಹಿಂದಿನ ಡಿಸೆಂಬರಿನಲ್ಲಿ ಅವರ ಮಗಳು ಚೊಚ್ಚಲ ಬಸುರಿಯಾಗಿದ್ದಳು. ನಾಟಕ ಮುಗಿಸಿಕೊಂಡು ತವರಿಗೆ ಕರೆತಂದರಾಯಿತು ಎಂದು ಇವರು ತಡ ಮಾಡಿದ್ದರು. ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ನೋವು ಕಾಣಿಸಿಕೊಂಡಿತು; ಗಂಡ ಶಿಫ್ಟಿಗೆ ಹೋಗಿದ್ದ. ಅಕ್ಕಪಕ್ಕದವರು ಬಾಗಿಲು ತೆಗೆಯುವಷ್ಟರಲ್ಲಿ ಮಗು ಹುಟ್ಟಿತ್ತು, ಮಗಳು ಹೋಗಿಬಿಟ್ಟಿದ್ದಳು.

“ನೀವು ಹೇಳಿದ್ದೇ ಸರಿ ಮೇಷ್ಟ್ರೇ,” ಎಂದರು ತೆರೇಸಮ್ಮ, ಪುಸ್ತಕ ಮುಚ್ಚಿ. “ಯಾರೂ ಇರ್ಲಿಲ್ಲ. ಬರೆದೋರಿಗೆ ಗೊತ್ತಿತ್ತು.”

ದೃಶ್ಯ ತೆಗೆದರು, ನಾನು ಮತ್ತೆ ಕುರಿಯಾದೆ. ಅದಾದ ಮೇಲೆ ತೆರೇಸಮ್ಮ ನಾಟಕ ಬರೆಯಲಿಲ್ಲ. ಮೇಷ್ಟ್ರ ಮೇಲೆ ಬಹಳ ಕಾಲ ನನಗೆ ಸಿಟ್ಟಿತ್ತು, ಈಗಿಲ್ಲ. ಅವರು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಸಂಕಟವಾಗುವುದೇ ಅದಕ್ಕೆ.

ನನ್ನ ಮಗಳು ದಾವಣಗೆರೆಯಲ್ಲಿದ್ದಾಳೆ, ಬಸುರಿ. ಮುಂದಿನ ತಿಂಗಳು ಕರೆತರುವುದೆಂದು ಮಾತಾಗಿತ್ತು. ನಿನ್ನೆ ಮನೆಗೆ ಬಂದವಳೇ ಫೋನ್ ಮಾಡಿ, ನಾಳೆಯೇ ಬರುತ್ತೇನೆ ಎಂದೆ.

“ಇನ್ನೂ ಟೈಮಿದೆಯಲ್ಲಮ್ಮ, ಈಗ್ಲೇ ಬಂದು ಏನ್ ಮಾಡ್ತೀಯ?”

“ಏನೂ ಮಾಡಲ್ಲ ಮಾರಾಯ್ತಿ,” ಎಂದೆ. “ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ.”